ಮೈಸೂರಿನ ಮತ ಯಾರ ಜೇಬಿನಲ್ಲಿತ್ತು?

ಚುನಾವಣೆ ಹತ್ತಿರವಾದಾಗಲೆಲ್ಲ ಮುಂಬಯಿಯ ಕನ್ನಡ ವೇದಿಕೆಗಳಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ. 'ನಾವು ಇಲ್ಲಿ ಇಷ್ಟು ಲಕ್ಷ ಜನರಿದ್ದೇವೆ. ನಮ್ಮ ಮತ ಚದುರದೆ ಒಂದೇ ಕಡೆಗೆ ಬಿದ್ದರೆ ನಮ್ಮನ್ನು ಅಲಕ್ಷಿಸುವ ಧೈರ್ಯ ಯಾರಿಗೂ ಬರಲಾರದು.' ಲಕ್ಷದ ಲೆಕ್ಕ ಸಭೆಯಿಂದ ಸಭೆಗೆ ಬೆಳೆಯುತ್ತ ಹೋಗುವುದನ್ನು ನಾನು ಮೂರು ದಶಕಗಳಿಂದ ಗಮನಿಸುತ್ತಿದ್ದೇನೆ. ಈ ಮಾತನ್ನಾಡುವವರು ವೇದಿಕೆಯ ಮೇಲಿರುವವರು. ಯಾರ ಮತದ ಬಗ್ಗೆ ಅವರು ಮಾತು ಕೊಡುತ್ತಿದ್ದಾರೋ ಅವರು ಕೆಳಗಿನ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಈಚೆಗೆ ಉಪನಗರದ ಸಂಘವೊಂದರ ಸಮಾರಂಭದಲ್ಲಿ ಹಿರಿಯರೊಬ್ಬರು ಈ ವಾದಕ್ಕೆ ಇತಿಹಾಸದ ಬೆಂಬಲವನ್ನೂ ಒದಗಿಸಿದರು. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಅಂದಿನ ಮೈಸೂರು ರಾಜ್ಯ ತನ್ನ ನಾಯಕ ಎಸ್. ನಿಜಲಿಂಗಪ್ಪನವರ ಹಿಂದೆ ಒಂದಾಗಿ ನಿಂತಿದ್ದರೆ ದೇಶದ ಚರಿತ್ರೆಯೇ ಬದಲಾಗುತ್ತಿತ್ತು, ಕನ್ನಡಿಗರಿಗೆ ಒಗ್ಗಟ್ಟಿನ ಬೆಲೆ ಗೊತ್ತಿಲ್ಲ, ಅದೇ ತಪ್ಪನ್ನು ಹೊರನಾಡಿನಲ್ಲಿಯೂ ನಾವು ಮಾಡಬಾರದು ಎಂಬುದು ಅವರ ವಾದದ ಸಾರ. ಚಪ್ಪಾಳೆ ಜೋರಾಗಿಯೇ ಬಿತ್ತು. ಆ ಹಿರಿಯರ ಕಳಕಳಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಅವರು ಕೊಟ್ಟ ಉದಾಹರಣೆಯನ್ನು ಬಿಚ್ಚಿ ನೋಡಿದರೆ ಅದು ಅವರ ವಾದಕ್ಕೆ ನೇರವಾಗಿ ವಿರುದ್ಧವಾದುದನ್ನೇ ಹೇಳುತ್ತದೆ.

ಒಂದು ನಾಡಿನ ಮತವನ್ನು ಇಡಿಯಾಗಿ ಕಟ್ಟಿ ಒಂದೇ ಕಡೆಗೆ ಎಸೆಯುವ ಕಲ್ಪನೆ ಹೊಸದೇನೂ ಅಲ್ಲ. ಅಮೆರಿಕೆಯ ವರ್ಜೀನಿಯಾ ಅದನ್ನು ಇನ್ನೂರು ವರ್ಷಗಳಿಗೂ ಹಿಂದೆ ಕಾನೂನನ್ನಾಗಿ ಮಾಡಿತ್ತು. 1796ರ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ಜಿಲ್ಲೆಗೊಬ್ಬರಂತೆ ಮತದಾರರನ್ನು ಆರಿಸುವ ಪದ್ಧತಿಯಿತ್ತು. ಆ ರಾಜ್ಯದವರೇ ಆದ ಥಾಮಸ್ ಜೆಫರ್ಸನ್ನರಿಗೆ 21 ಮತಗಳಲ್ಲಿ 20 ದೊರೆತವು. ಲೆವೆನ್ ಪಾವೆಲ್ ಎಂಬೊಬ್ಬರು ಮಾತ್ರ ಎದುರಾಳಿ ಜಾನ್ ಆಡಮ್ಸರಿಗೆ ಮತ ಹಾಕಿದರು. ಆ ಒಂದು ಮತವನ್ನೂ ಸಹಿಸಲಾಗಲಿಲ್ಲ. ಉಳಿದ ರಾಜ್ಯಗಳು ತಮ್ಮ ಮತವನ್ನು ಇಡಿಯಾಗಿ ಒಬ್ಬನಿಗೇ ಕೊಡುತ್ತಿರುವಾಗ ನಾವು ಹಂಚಿಕೊಡುವುದು ಮೂರ್ಖತನ ಎಂಬರ್ಥದಲ್ಲಿ ಜೆಫರ್ಸನ್ನರು 1800ರ ಜನವರಿಯಲ್ಲಿ ಗವರ್ನರ್ ಮನ್ರೋ ಅವರಿಗೆ ಬರೆದರು. ಅದೇ ವರ್ಷ ಜಿಲ್ಲಾ ಪದ್ಧತಿಯನ್ನು ಕಿತ್ತುಹಾಕಿ, ರಾಜ್ಯದಲ್ಲಿ ಬಹುಮತ ಪಡೆದವರಿಗೆ ಎಲ್ಲ ಮತಗಳೂ ಸಲ್ಲುವಂತೆ ಕಾನೂನಾಯಿತು. 21ಕ್ಕೆ 21 ಜೆಫರ್ಸನ್ನರಿಗೇ ಬಿದ್ದವು. ಇದನ್ನು ಕಂಡ ಮ್ಯಾಸಚೂಸೆಟ್ಸ್ ಜನರ ಕೈಯಿಂದ ಆಯ್ಕೆಯನ್ನೇ ಕಿತ್ತು ಶಾಸನಸಭೆಗೆ ಒಪ್ಪಿಸಿ, ತನ್ನ 16 ಮತಗಳನ್ನೂ ತನ್ನ ಮನೆಮಗ ಆಡಮ್ಸರಿಗೆ ಕೊಡಿಸಿತು. ಇವರಿಬ್ಬರೂ ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕಿದ ಮಹನೀಯರೆಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿ. ವರ್ಜೀನಿಯಾಕ್ಕೆ 21 ಮತಗಳು ದೊರೆತದ್ದಾದರೂ ಹೇಗೆ? ಅಲ್ಲಿನ ಗುಲಾಮರನ್ನು ಐದು ಜನರಿಗೆ ಮೂವರಂತೆ ಜನಸಂಖ್ಯೆಯಲ್ಲಿ ಸೇರಿಸಿ ಎಣಿಸಿದ್ದರಿಂದ. ಎಣಿಕೆಗೆ ಅವರು ಬೇಕು, ಮತಪೆಟ್ಟಿಗೆಯ ಬಳಿ ಬೇಡ. ಗುಲಾಮಗಿರಿಯ ಘೋರಕ್ಕೂ ನಮ್ಮ ವಲಸೆಯ ಬದುಕಿಗೂ ಹೋಲಿಕೆ ಹಚ್ಚುವ ಅವಿವೇಕ ನನಗಿಲ್ಲ. ಆದರೆ ಎಣಿಸಿಕೊಂಡು ಕೇಳದೆ ಬಿಡುವುದು ರಾಜಕಾರಣದ ಬಹಳ ಹಳೆಯ ಚಾಳಿ ಎಂಬುದಷ್ಟೇ ಇಲ್ಲಿ ಮುಖ್ಯ.

ನಮ್ಮ ಸಂವಿಧಾನವನ್ನು ರಚಿಸಿದವರು ಈ ದಾರಿ ಹಿಡಿಯಲಿಲ್ಲ. ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಹಾಗೂ ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು. ಪ್ರತಿ ಶಾಸಕನ ಮತಕ್ಕೂ ಆ ರಾಜ್ಯದ ಜನಸಂಖ್ಯೆಗೆ ಅನುಗುಣವಾದ ಮೌಲ್ಯವಿದೆ. 1969ರಲ್ಲಿ 1961ರ ಜನಗಣತಿಯಂತೆ ಮೈಸೂರಿನ 216 ಶಾಸಕರಲ್ಲಿ ಒಬ್ಬೊಬ್ಬರ ಮತದ ಮೌಲ್ಯ 109. ಮಹಾರಾಷ್ಟ್ರದ 270 ಶಾಸಕರದು 146. ಆದರೆ ಮೌಲ್ಯ ರಾಜ್ಯದ್ದಾದರೂ ಮತ ವ್ಯಕ್ತಿಯದು. ಮತದಾನ ಗುಪ್ತ, ಪ್ರಾಶಸ್ತ್ಯದ ಕ್ರಮ ಬರೆಯುವ ಹಕ್ಕು ಪ್ರತಿ ಸದಸ್ಯನದು. 'ಮೈಸೂರಿನ ಮತ' ಎಂಬ ಒಂದು ವಸ್ತು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಇದ್ದದ್ದು 216 ಮತಗಳು.

ಅದಕ್ಕೂ ಹಿಂದೆ, 1952ರ ಮೊದಲ ರಾಷ್ಟ್ರಪತಿ ಚುನಾವಣೆಯ ಹೊತ್ತಿಗೆ, ಕನ್ನಡನಾಡೆಂಬುದೇ ಆಡಳಿತದ ನಕಾಶೆಯಲ್ಲಿರಲಿಲ್ಲ. ಕನ್ನಡ ಜನ ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳ ಪ್ರತಿನಿಧಿಗಳು ಮುಂಬಯಿ ರಾಜ್ಯದ ಶಾಸಕರಾಗಿ ಇದೇ ನಗರದಲ್ಲಿ ಕುಳಿತಿದ್ದರು. ಮುಂದೆ 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾದ ಜಮಖಂಡಿಯ ಬಿ.ಡಿ. ಜತ್ತಿಯವರೂ ಮುಂಬಯಿಯ ಶಾಸನಸಭೆಯಲ್ಲಿದ್ದವರೇ. ಇವರನ್ನೆಲ್ಲ ಒಂದುಗೂಡಿಸಿದ ಏಕೀಕರಣದ ಹೋರಾಟದಲ್ಲಿ ನಿಜಲಿಂಗಪ್ಪನವರ ಪಾತ್ರ ಎಷ್ಟು ದೊಡ್ಡದೆಂಬುದನ್ನು ಯಾರೂ ಅಲ್ಲಗಳೆಯಲಾರರು. 1956ರ ನವೆಂಬರಿನಲ್ಲಿ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಅವರು. ನನ್ನ ತಕರಾರು ಅವರೊಂದಿಗಲ್ಲ. ಅವರ ಹೆಸರಿನಲ್ಲಿ ಇಂದು ಕಟ್ಟಲಾಗುತ್ತಿರುವ ಕಥೆಯೊಂದಿಗೆ.

ಇನ್ನು 1969ಕ್ಕೆ ಬರೋಣ. ಆ ವರ್ಷ ಮೇ 3ರಂದು ರಾಷ್ಟ್ರಪತಿ ಜಾಕೀರ್ ಹುಸೇನರು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯಿತು. ಪಕ್ಷದ ಅಧ್ಯಕ್ಷರು ನಿಜಲಿಂಗಪ್ಪ. ಮೈಸೂರಿನ ಮುಖ್ಯಮಂತ್ರಿ ಅವರ ಆಪ್ತರಾದ ವೀರೇಂದ್ರ ಪಾಟೀಲ. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನರಾಂ ಅವರ ಹೆಸರನ್ನು ಮುಂದಿಟ್ಟರೂ ಸಂಸದೀಯ ಮಂಡಲಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ರೆಡ್ಡಿಯವರ ಪರವಾಗಿ ನಿಂತವರಲ್ಲಿ ಮುಂಬಯಿಯ ಸ.ಕಾ. ಪಾಟೀಲರೂ ಇದ್ದರು, ಮಹಾರಾಷ್ಟ್ರದ ಯಶವಂತರಾವ್ ಚವಾಣರೂ ಇದ್ದರು. ಮುಂದಿನದು ಬಹುಮಂದಿಗೆ ತಿಳಿದದ್ದೇ: ಮೊರಾರ್ಜಿಯವರಿಂದ ಹಣಕಾಸು ಖಾತೆಯ ಹಿಂತೆಗೆತ, ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ, ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿಯವರ ಸ್ವತಂತ್ರ ಸ್ಪರ್ಧೆ, ರೆಡ್ಡಿಯವರ ನಾಮಪತ್ರಕ್ಕೆ ತಾನೇ ಸಹಿ ಹಾಕಿದ್ದ ಪ್ರಧಾನಿಯ ಕಡೆಯಿಂದ 'ಆತ್ಮಸಾಕ್ಷಿಯ ಮತ'ದ ಕರೆ. (ಪಕ್ಷದ ಹಿರಿಯರ ಕೂಟವನ್ನು ಪತ್ರಿಕೆಗಳು ಸಿಂಡಿಕೇಟ್ ಎಂದು ಕರೆಯುತ್ತಿದ್ದ ಕಾಲ ಅದು. ನಮ್ಮ ಕರಾವಳಿಯವರಿಗೆ ಸಿಂಡಿಕೇಟ್ ಎಂದರೆ ಪಿಗ್ಮಿ ಠೇವಣಿಯ ಮಣಿಪಾಲದ ಬ್ಯಾಂಕು. ರಾಷ್ಟ್ರೀಕೃತವಾದ ಹದಿನಾಲ್ಕರಲ್ಲಿ ಅದೂ ಕೆನರಾ ಬ್ಯಾಂಕೂ ಸೇರಿದ್ದವು.)

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಬೆಂಬಲಿಸಿದ್ದ ಸಿ.ಡಿ. ದೇಶಮುಖರಿಗೆ 1,12,769. ಎರಡನೆಯ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಗೆಲ್ಲಲು ಬೇಕಾದದ್ದು 4,18,169. ನಮ್ಮ ಹಿರಿಯರ ವಾದ ಹುಟ್ಟುವುದು ಇಲ್ಲಿ: ಅಂತರ ಕೇವಲ 14,650, ಮೈಸೂರಿನ 216 ಶಾಸಕರ ಒಟ್ಟು ಮತಮೌಲ್ಯ 23,544. ಒಂದು ರಾಜ್ಯದ ಒಗ್ಗಟ್ಟು ಫಲಿತಾಂಶವನ್ನು ತಿರುಗಿಸಬಹುದಾಗಿತ್ತಲ್ಲವೇ? ಲೆಕ್ಕ ಸರಿಯಾಗಿದೆ. ಲೆಕ್ಕ ಮಾತ್ರ ಸರಿಯಾಗಿದೆ.

ಏಕೆಂದರೆ ಆ 216ರಲ್ಲಿ ಕಾಂಗ್ರೆಸ್ಸಿನವರು 1967ರಲ್ಲಿ ಗೆದ್ದದ್ದು 126 ಸ್ಥಾನಗಳನ್ನು. ಉಳಿದವರು ಸಮಾಜವಾದಿಗಳು, ಸ್ವತಂತ್ರ ಪಕ್ಷದವರು, ಪಕ್ಷೇತರರು, ಇತರರು. ಇವರನ್ನು ಆರಿಸಿ ಕಳುಹಿಸಿದವರೂ ಕನ್ನಡಿಗರೇ. ಅವರು ಕಾಂಗ್ರೆಸ್ ಅಧ್ಯಕ್ಷರ ಅಭ್ಯರ್ಥಿಗೆ ಮತ ಹಾಕಬೇಕಾಗಿತ್ತು ಎಂದು ಹೇಳುವುದು ಯಾವ ನ್ಯಾಯ? ಅಧ್ಯಕ್ಷರು ಕನ್ನಡಿಗರಾಗಿದ್ದರು ಎಂದೇ? ಅಭ್ಯರ್ಥಿಯಂತೂ ಕನ್ನಡಿಗರಲ್ಲ. ರೆಡ್ಡಿಯವರು ಆಂಧ್ರದವರು, ಗಿರಿಯವರೂ ತೆಲುಗರು, ಅಷ್ಟೇ ಅಲ್ಲ, 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರಾಗಿ ಬೆಂಗಳೂರಿನಲ್ಲಿ ಇದ್ದವರು. ಭಾಷೆಯ ತಕ್ಕಡಿಯಲ್ಲಿ ತೂಗಿದರೂ ತೂಕ ಎತ್ತ ವಾಲುತ್ತದೆ, ಯಾರಾದರೂ ಹೇಳಲಿ.

ಮಹಾರಾಷ್ಟ್ರದ ಕಡೆಗೂ ಒಮ್ಮೆ ನೋಡಬೇಕು. ಭಾಷೆಗಾಗಿ ಮತ ಹಾಕುವುದಾದರೆ ಅಲ್ಲಿಯ ಶಾಸಕರು ದೇಶಮುಖರಿಗೆ ಹಾಕಬೇಕಾಗಿತ್ತು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ದೇಶಮುಖರು 1956ರಲ್ಲಿ ಮುಂಬಯಿಯನ್ನು ಮಹಾರಾಷ್ಟ್ರದಿಂದ ಬೇರ್ಪಡಿಸುವುದನ್ನು ಪ್ರತಿಭಟಿಸಿ ಕೇಂದ್ರದ ಹಣಕಾಸು ಸಚಿವ ಸ್ಥಾನಕ್ಕೇ ರಾಜೀನಾಮೆ ಕೊಟ್ಟವರು. ಮರಾಠಿ ಅಭಿಮಾನಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾರಲ್ಲಿತ್ತು? ಆದರೆ ಆ ಶಾಸನಸಭೆಯಲ್ಲಿ ಭಾರಿ ಬಹುಮತವಿದ್ದ ಕಾಂಗ್ರೆಸ್ಸು ಅವರ ಹಿಂದೆ ನಿಲ್ಲಲಿಲ್ಲ.

ಇಷ್ಟಾಗಿ, ನಮ್ಮ ಹಿರಿಯರ ಮಾತು ಮುಂಬಯಿಯ ಕನ್ನಡಿಗನಿಗೆ ನಿಜವಾಗಿ ನೋವುಂಟುಮಾಡಬೇಕಾದದ್ದು ಬೇರೊಂದು ಕಾರಣಕ್ಕೆ. ಅದೇ 1969ರ ಫೆಬ್ರವರಿಯಲ್ಲಿ ಈ ನಗರದಲ್ಲಿ ಏನಾಯಿತೆಂಬುದು ಸಂಘದ ವೇದಿಕೆಗಳಲ್ಲಿ ಈಗ ಯಾರ ನೆನಪಿಗೂ ಬರುವುದಿಲ್ಲ. 1967ರ ಆಗಸ್ಟಿನಲ್ಲಿ ಹೊರಬಂದ ಮಹಾಜನ ಆಯೋಗದ ವರದಿ ಬೆಳಗಾವಿಯನ್ನು ಮೈಸೂರಿನಲ್ಲಿಯೇ ಉಳಿಸಿತ್ತು. ಇದನ್ನು ವಿರೋಧಿಸಿ, ಆಗಿನ್ನೂ ಮೂರು ವರ್ಷ ತುಂಬದ ಶಿವಸೇನೆ ಮಾಹಿಮದಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರನ್ನು ತಡೆಯಲು ಮುಂದಾಯಿತು. ಬಾಳ ಠಾಕರೆಯವರ ಬಂಧನವಾಯಿತು. ಕೆಲವು ದಿನಗಳ ಕಾಲ ಮುಂಬಯಿ ಉರಿಯಿತು. ಹತ್ತಾರು ಮಂದಿ ಸತ್ತರು. ಉಡುಪಿ ಹೋಟೆಲುಗಳ ಗಾಜು ಒಡೆಯಿತು, ಗಲ್ಲಾಪೆಟ್ಟಿಗೆ ಬರಿದಾಯಿತು. ರಾತ್ರಿಶಾಲೆಯಲ್ಲಿ ಓದುತ್ತ ಹಗಲು ಲೋಟ ತೊಳೆಯುತ್ತಿದ್ದ ಹುಡುಗರಿಗೆ ಬೆಳಗಾವಿ ಯಾವ ದಿಕ್ಕಿನಲ್ಲಿದೆಯೆಂದೂ ತಿಳಿದಿದ್ದಿರಲಾರದು. ಪೆಟ್ಟು ಬಿದ್ದದ್ದು ಅವರಿಗೆ.

ಆಗ ಕಾಂಗ್ರೆಸ್ಸಿನ ಅಧ್ಯಕ್ಷರು ಕನ್ನಡಿಗರು. ಕೇಂದ್ರದ ಗೃಹಮಂತ್ರಿ ಚವಾಣರು. ನಗರದ ಕಾಂಗ್ರೆಸ್ಸಿನ ಮೇಲೆ ದಶಕಗಳ ಕಾಲ ಹಿಡಿತವಿಟ್ಟುಕೊಂಡಿದ್ದವರು ಸ.ಕಾ. ಪಾಟೀಲರು. ಐದೇ ತಿಂಗಳ ನಂತರ ಈ ಮೂವರೂ ಬೆಂಗಳೂರಿನಲ್ಲಿ ಒಂದೇ ಮೇಜಿನ ಸುತ್ತ ಕುಳಿತರು, ಒಬ್ಬನೇ ಅಭ್ಯರ್ಥಿಗಾಗಿ ಮುಂದೆ ದುಡಿದರು. ಮೈಸೂರಿನ ಮತ, ಮಹಾರಾಷ್ಟ್ರದ ಮತ ಎಂದು ಇಡಿಯಾಗಿ ವ್ಯವಹಾರ ನಡೆದ ಆ ದಿನಗಳಲ್ಲಿ, ಆ ವ್ಯವಹಾರದ ಶರತ್ತುಗಳಲ್ಲಿ ದಾದರಿನ, ಮಾಟುಂಗದ, ಪರೇಲಿನ ಒಬ್ಬನೇ ಒಬ್ಬ ಹೋಟೆಲ್ ಮಾಣಿಯ ಸುರಕ್ಷಿತತೆ ಸೇರಿತ್ತೆಂದು ಯಾರಾದರೂ ತೋರಿಸಿಕೊಡಲಿ. ಒಟ್ಟು ಮತಕ್ಕೆ ಬೆಲೆ ಬರುತ್ತದೆ ನಿಜ. ಆ ಬೆಲೆ ಮತವನ್ನು ಹೊತ್ತು ಮಾರಿದವನ ಕೈಗೆ ಬರುತ್ತದೆ.

ಸ.ಕಾ. ಪಾಟೀಲರ ಹೆಸರು ಬಂದದ್ದರಿಂದ ಒಂದು ಮಾತು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಅವರನ್ನು ಸೋಲಿಸಿದ್ದು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. ಇದನ್ನೂ ನಮ್ಮವರು 'ಕನ್ನಡಿಗರ ಗೆಲುವು' ಎಂದು ಬರೆದುಕೊಳ್ಳುತ್ತಾರೆ. ಅವರನ್ನು ಗೆಲ್ಲಿಸಿದ್ದು ಟ್ಯಾಕ್ಸಿಯವರ, ಹೋಟೆಲ್ ಕಾರ್ಮಿಕರ, ಪಾಲಿಕೆಯ ನೌಕರರ ಸಂಘಟನೆ. ಅದರಲ್ಲಿ ಮರಾಠಿಗರೂ ಉತ್ತರ ಭಾರತೀಯರೂ ನಮ್ಮವರೂ ಬೆರೆತಿದ್ದರು. ಕನ್ನಡ ಹೋಟೆಲುಗಳ ಯಜಮಾನರಿಗೆ ಆ ಸಂಘಟನೆ ಹಿತವಾಗಿತ್ತೇ ಎಂದು ಕೇಳಿದರೆ ಸಾಕು, 'ಕನ್ನಡಿಗರ ಮತ' ಎಂಬುದು ಒಂದೇ ಗಲ್ಲೆಯ ಮುಂದೆ ಒಂದೇ ಕಡೆ ನಿಂತಿರುವುದಿಲ್ಲವೆಂಬುದು ತಿಳಿಯುತ್ತದೆ. 1971ರಲ್ಲಿ ಅದೇ ಕ್ಷೇತ್ರ ಅವರನ್ನು ಸೋಲಿಸಿತು.

ಮೈಸೂರಿನಲ್ಲಿ 1971 ಇನ್ನೂ ಕಟುವಾಗಿತ್ತು. 1969ರ ನವೆಂಬರಿನಲ್ಲಿ ನಿಜಲಿಂಗಪ್ಪನವರು ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಿದರು, ಪಕ್ಷ ಒಡೆಯಿತು. ವೀರೇಂದ್ರ ಪಾಟೀಲರ ಸರ್ಕಾರ, ರಾಜ್ಯದ ಕಾಂಗ್ರೆಸ್ಸಿನ ಬಹುಭಾಗ, ಜಿಲ್ಲೆ ಜಿಲ್ಲೆಗಳ ಪಕ್ಷದ ಯಂತ್ರ ಎಲ್ಲವೂ ನಿಜಲಿಂಗಪ್ಪನವರ ಕಡೆಗೇ ಉಳಿದವು. ರಾಜ್ಯ ಜೇಬಿನಲ್ಲಿದೆ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ? 1971ರ ಮಾರ್ಚಿನಲ್ಲಿ ಲೋಕಸಭಾ ಚುನಾವಣೆ ನಡೆಯಿತು. ಮೈಸೂರಿನ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ಸು ಗೆದ್ದಿತು. ಅದೇ ತಿಂಗಳು ಸರ್ಕಾರ ಉರುಳಿತು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಹಾವನೂರು ಆಯೋಗ, ಭೂಸುಧಾರಣೆ ಎಲ್ಲ ಆ ಮೇಲಿನವು.

ಇದನ್ನು ಕೆಲವರು ಇಂದಿರಾ ಅಲೆಯೆನ್ನುತ್ತಾರೆ, ಕೆಲವರು ಕನ್ನಡಿಗರು ತಮ್ಮವರನ್ನೇ ಕೈಬಿಟ್ಟ ಕೃತಘ್ನತೆಯೆನ್ನುತ್ತಾರೆ. ನನಗೆ ಕಾಣುವುದು ಇಷ್ಟೇ: ಶಾಸಕರ, ಮಠಗಳ, ಜಿಲ್ಲಾ ಮುಖಂಡರ ಮೂಲಕ ತಮ್ಮ ಮತವನ್ನು ಕಟ್ಟಿಟ್ಟಿದ್ದಾರೆಂದು ನಂಬಲಾಗಿದ್ದ ಜನ, ನೇರವಾಗಿ ಕೇಳಿದಾಗ ಬೇರೆಯೇ ಉತ್ತರ ಕೊಟ್ಟರು. ಆ ಉತ್ತರದಲ್ಲಿಯೂ ಭ್ರಮೆಯಿತ್ತು. ನಾಲ್ಕೇ ವರ್ಷಗಳಲ್ಲಿ ತುರ್ತು ಪರಿಸ್ಥಿತಿ ಬಂತು. ಆತ್ಮಸಾಕ್ಷಿಯ ಹೆಸರಿನಲ್ಲಿ ಮತ ಕೇಳಿದವರೇ ಆಮೇಲೆ ಯಾರ ಆತ್ಮಸಾಕ್ಷಿಯನ್ನೂ ಉಳಿಸಗೊಡಲಿಲ್ಲ. ಅತ್ತ 1977ರಲ್ಲಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಅವರೆದುರು ನಿಂತು ಸೋತ ವೀರೇಂದ್ರ ಪಾಟೀಲರು 1989ರಲ್ಲಿ ಅವರದೇ ಪಕ್ಷದಿಂದ ಮುಖ್ಯಮಂತ್ರಿಯಾದರು. ನಾಯಕರು ಹೀಗೆ ಬದಲಾಗುತ್ತಿರುವಾಗ ಜನ ಮಾತ್ರ ಬಂಡೆಯಂತೆ ಕದಲದಿರಬೇಕೆಂದು ಅಪೇಕ್ಷಿಸುವುದು ವಿಚಿತ್ರ.

ಈಗ ನಮ್ಮ ಮನೆಯ ಮಾತು. 1976ರ 42ನೆಯ ತಿದ್ದುಪಡಿಯಿಂದಾಗಿ, ಮತ್ತೆ 2001ರ 84ನೆಯ ತಿದ್ದುಪಡಿಯಿಂದಾಗಿ, ರಾಷ್ಟ್ರಪತಿ ಚುನಾವಣೆಯ ಮತಮೌಲ್ಯ 1971ರ ಜನಗಣತಿಯಲ್ಲಿಯೇ ನಿಂತುಹೋಯಿತು. 2022ರ ಚುನಾವಣೆಯಲ್ಲಿಯೂ ಕರ್ನಾಟಕದ ಶಾಸಕನ ಮತಕ್ಕೆ 131, ಮಹಾರಾಷ್ಟ್ರದವನ ಮತಕ್ಕೆ 175 ಎಂದು ಲೆಕ್ಕವಾದದ್ದು ಐವತ್ತೊಂದು ವರ್ಷ ಹಳೆಯ ತಲೆಯೆಣಿಕೆಯ ಮೇಲೆ. ನಾನು 1970ರಲ್ಲಿ ಉಡುಪಿಯ ಬಳಿ ಹುಟ್ಟಿದವನು, 1994ರಿಂದ ಮುಂಬಯಿಯಲ್ಲಿರುವವನು. ಆ 131ರಲ್ಲಿ ನನ್ನ ತಲೆಯಿದೆ, 175ರಲ್ಲಿ ಇಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಕ್ಕಳು ಎರಡರಲ್ಲಿಯೂ ಇಲ್ಲ. ಊರಿನಲ್ಲಿ ಎಣಿಸಲ್ಪಟ್ಟು ಇಲ್ಲಿ ಬದುಕುವ ಈ ಸ್ಥಿತಿಯ ಪರಿಹಾರ ಸಂಸತ್ತಿನ ಕೈಯಲ್ಲಿದೆ. ಆದರೆ ನಮ್ಮ ಕೈಯಲ್ಲಿರುವುದನ್ನಾದರೂ ನಾವು ಮಾಡಿದ್ದೇವೆಯೇ?

ಚುನಾವಣಾ ಕರ್ತವ್ಯದ ಮೇಲೆ ಉಪನಗರದ ಮತಗಟ್ಟೆಗಳಲ್ಲಿ ಕುಳಿತ ದಿನಗಳಲ್ಲಿ ನಾನು ಕಂಡದ್ದು ಇದು: ಸಂಘದ ಸಭೆಗಳಲ್ಲಿ ತಪ್ಪದೆ ಕಾಣುವ ಎಷ್ಟೋ ಮುಖಗಳು ಮತಗಟ್ಟೆಯಲ್ಲಿ ಕಾಣಲಿಲ್ಲ. ಕೇಳಿದರೆ, ಹೆಸರು ಊರಿನ ಪಟ್ಟಿಯಲ್ಲಿದೆಯೆಂಬ ಉತ್ತರ. ಪಂಚಾಯತಿ ಚುನಾವಣೆಗೆ ಬಸ್ಸು ಹಿಡಿದು ಊರಿಗೆ ಹೋಗುತ್ತಾರೆ. ತಮ್ಮ ಮಕ್ಕಳ ಪಾಲಿಕೆ ಶಾಲೆಯನ್ನು ಮುಚ್ಚುವ ನಿರ್ಣಯ ಕೈಗೊಳ್ಳುವ ನಗರಸೇವಕನನ್ನು ಆರಿಸುವ ದಿನ ಮನೆಯಲ್ಲಿರುತ್ತಾರೆ. 1950ರ ಜನಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಒಬ್ಬನ ಹೆಸರು ಎರಡು ಕ್ಷೇತ್ರಗಳಲ್ಲಿ ಇರುವಂತಿಲ್ಲ. ಊರಿನಲ್ಲಿ ಸ್ವಂತ ಮನೆಯಿದೆಯೆಂದ ಮಾತ್ರಕ್ಕೆ ಅಲ್ಲಿಯ ವಾಸಿಯೆನಿಸುವುದೂ ಇಲ್ಲ. ವೇದಿಕೆಯ ಮೇಲೆ ಹರಾಜಿಗಿಟ್ಟ ಲಕ್ಷ ಮತಗಳಲ್ಲಿ ಎಷ್ಟು ಈ ನಗರದ ಪಟ್ಟಿಯಲ್ಲಿವೆ ಎಂದು ಆ ನಾಯಕರು ಎಂದಾದರೂ ಎಣಿಸಿದ್ದುಂಟೇ? ಎಣಿಸಿಯೂ ಏನು ಮಾಡುವುದು: ಡೊಂಬಿವಲಿಯ ಗುಮಾಸ್ತ, ಭಾಂಡೂಪಿನ ಕಾರ್ಖಾನೆಯ ಕೆಲಸಗಾರ, ಕಲಬುರಗಿಯಿಂದ ಬಂದು ಕಟ್ಟಡದ ಕೆಲಸ ಮಾಡುವ ಹೆಂಗಸು, ಹೋಟೆಲಿನ ಯಜಮಾನ, ಇವರೆಲ್ಲರ ಹಿತ ಒಂದೇ ಚಿಹ್ನೆಯ ಕೆಳಗಿದೆಯೆಂದು ನಿರ್ಧರಿಸುವ ಅಧಿಕಾರ ಸಂಘದ ಕಾರ್ಯಕಾರಿ ಸಮಿತಿಗೆ ಯಾರು ಕೊಟ್ಟರು?

ನಾನು ಕೇಂದ್ರ ಸರ್ಕಾರದ ನೌಕರ. ನಮ್ಮ ನಡತೆಯ ನಿಯಮಗಳಲ್ಲಿ ಐದನೆಯದು, ಮತ ಹಾಕುವ ಹಕ್ಕು ನನಗಿದೆಯೆನ್ನುತ್ತದೆ, ಆದರೆ ಯಾರಿಗೆ ಹಾಕುತ್ತೇನೆ ಅಥವಾ ಹಾಕಿದೆನೆಂಬ ಸುಳಿವನ್ನು ಕೊಡಬಾರದೆಂದು ವಿಧಿಸುತ್ತದೆ. ಇಷ್ಟು ವರ್ಷ ಅದನ್ನು ಪಾಲಿಸಿಕೊಂಡು ಬಂದವನ ಮತವನ್ನು ನನ್ನ ಸಂಘದ ಅಧ್ಯಕ್ಷರು ಧ್ವನಿವರ್ಧಕದಲ್ಲಿ ಘೋಷಿಸುವಾಗ ನಾನು ಸಭಿಕನಾಗಿ ಚಪ್ಪಾಳೆ ತಟ್ಟಬೇಕೇ?

ಆದ್ದರಿಂದ ಮುಂದಿನ ವಾರ್ಷಿಕ ಮಹಾಸಭೆಗೆ ಎರಡು ಠರಾವುಗಳನ್ನು ಲಿಖಿತವಾಗಿ ಕಳುಹಿಸುತ್ತಿದ್ದೇನೆ. ಒಂದು, ಸಂಘದ ಯಾವ ಪದಾಧಿಕಾರಿಯೂ ಸಂಘದ ಹೆಸರಿನಲ್ಲಿಯಾಗಲಿ 'ಮುಂಬಯಿ ಕನ್ನಡಿಗರ' ಹೆಸರಿನಲ್ಲಿಯಾಗಲಿ ಯಾವ ಅಭ್ಯರ್ಥಿಗೂ ಬೆಂಬಲ ಸಾರಕೂಡದು. ಇನ್ನೊಂದು, ಚುನಾವಣೆಯಿಲ್ಲದ ತಿಂಗಳುಗಳಲ್ಲಿ ಪ್ರತಿ ಎರಡನೆಯ ಭಾನುವಾರ ಸಂಘದ ಕಚೇರಿಯಲ್ಲಿ ಒಂದು ಮೇಜು ಹಾಕಿ, ವಾಸಸ್ಥಳ ಬದಲಾವಣೆಯ 8ನೆಯ ನಮೂನೆಯನ್ನು ತುಂಬಲು ಬಂದವರಿಗೆ, ಅವರ ಪಕ್ಷ ಯಾವುದೆಂದು ಕೇಳದೆ, ನೆರವಾಗಬೇಕು. ಮೊದಲ ಭಾನುವಾರ ಆ ಮೇಜಿನ ಹಿಂದೆ ಕೂರಲು ನಾನು ಸಿದ್ಧ. ಎರಡೂ ಠರಾವುಗಳಿಗೆ ಅನುಮೋದಕರು ಬೇಕಾಗಿದ್ದಾರೆ.